ಪದಚರ್ಚೆ: ಥಿನ್ ಕ್ಲೈಂಟ್, ಕ್ಲೌಡ್ ಸ್ಟೋರೇಜ್ – ನಾಳೆ ಸಂಜೆಯೊಳಗೆ ಕನ್ನಡ ಬೇಕು

ಗದಗದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ್ರಿ. ಗದಗದಾಗ ನಂದು ಡಿಟಿಪಿ, ಫ್ಲೆಕ್ಸ್ ಕೆಲಸ. ಒಂದು ಹೈಸ್ಕೂಲಿನ ಕಂಪ್ಯೂಟರ್ ಖೋಲಿಗೆ ಬೋರ್ಡು, ಅದರ ಕೆಳಗ ಅಂಟಸಾಕ ಒಂದು ಸೂಚನಾ ಹಾಳಿ ಮಾಡಬೇಕಾಗೇದ. ಒಂದಕ್ಷರ ಇಂಗ್ಲಿಷ್ ಇರಬಾರದು ಅಂತ ಹೆಡ್‌ಮಾಸ್ತರ ಹಟ. ಖೋಲಿಯೊಳಗ 24 ಥಿನ್ ಕ್ಲೈಂಟ್ ಅದಾವ. ಅಂಗೈಯಗಲದ ಡಬ್ಬಿ, ಮಾನಿಟರಿನ ಬೆನ್ನಿಗೆ ಸ್ಕ್ರೂ ಹೊಡೆದು ಕೂಡಿಸ್ಯಾರ. ಹಾರ್ಡ್ ಡಿಸ್ಕ್ ಇಲ್ಲ, ಫ್ಯಾನ್ ಇಲ್ಲ, ಸಪ್ಪಳನೂ ಇಲ್ಲ. ಹುಡುಗರು ಬರೆದದ್ದೆಲ್ಲ ಕ್ಲೌಡಿಗೆ, ಅಂದ್ರ ಇಂಟರ್ನೆಟ್ಟಿನ ಆ ಕಡೆ ಇರೂ ಬ್ಯಾರೇದವರ ಕಂಪ್ಯೂಟರಿಗೆ, ಹೋಗತದ.

ಹಾಳಿಯೊಳಗ ಈ ಮಾತು ಬರಲೇಬೇಕು: ಥಿನ್ ಕ್ಲೈಂಟಿನಾಗ ಏನೂ ಉಳಿಯಂಗಿಲ್ಲ, ಕ್ಲೌಡಿಗೆ ಹಾಕದ ಕೆಲಸ ಹೋದಂಗ. ಫೋನಿನ ಅನುವಾದಕ್ಕ ಹಾಕಿ ನೋಡಿದ್ರ ‘ತೆಳುವಾದ ಗ್ರಾಹಕ’ ಅಂತ ಬಂತು. ಬೋರ್ಡು 6 ಫೂಟು ಉದ್ದ, 1 ಫೂಟು ಎತ್ತರ. ಉದ್ದುದ್ದ ಪದ ಹಿಡಿಯಂಗಿಲ್ಲ. ನಾಳೆ ಸಂಜಿಗೆ ಕೊಡಬೇಕು.

ಧಾರವಾಡದಿಂದ:

ಇದರಲ್ಲಿ ಚರ್ಚೆಗೇನೂ ಇಲ್ಲ. ತನುಗಣಕ, ಮೇಘಸಂಗ್ರಹ. ‘ತನು’ ಎಂದರೆ ಸಂಸ್ಕೃತದಲ್ಲಿ ಕೃಶ, ತೆಳು ಎಂದೇ ಅರ್ಥ. ‘ತನುಮಧ್ಯೆ’, ಅಂದರೆ ತೆಳುನಡುವಿನ ಹೆಣ್ಣು, ಎಂಬಲ್ಲಿ ಇರುವುದು ಅದೇ. ಐದೈದು ಅಕ್ಷರ, ಬೋರ್ಡಿಗೆ ಹಿಡಿಸುತ್ತವೆ.

ಹಾವೇರಿಯಿಂದ:

ಗಣಕ, ಮೇಘ, ಸಂಗ್ರಹ ಮೂರೂ ಸಂಸ್ಕ್ರುತದ ಎರವಲು. ‘ಘ’ ಬರೆದು ‘ಗ’ ಎಂದು ಉಲಿಯುವ ಮಂದಿಗೆ ಅದು ಯಾಕೆ? ತೆಳುವೆಣ್ಣುಕ, ಮುಗಿಲಕಣಜ. ಎಣಿಸುವುದು ಎಣ್ಣುಕ. ಎರಡೂ ಅಚ್ಚಗನ್ನಡ. ಕಣದಿಂದ ಬಂದದ್ದು ಕಣಜ, ಒಕ್ಕಲು ಮಾಡಿದ್ದನ್ನು ಕೂಡಿಡುವ ಎಡೆ. ಇದಕ್ಕಿಂತ ಒಳ್ಳೆಯ ಪದ ಸಿಗುವುದಿಲ್ಲ.

ಹುಬ್ಬಳ್ಳಿಯಿಂದ:

ಮಾಸ್ತರ, ತನು ಅಂದ್ರ ಕನ್ನಡದವರಿಗೆ ಮೈ. ತನು ಮನ ಧನ ಅರ್ಪಿಸೂ ಗಣಕ ಅಂತ ತಿಳಕೊಂಡಾರು. ಹಾವೇರಿಯವರ ತೆಳುವೆಣ್ಣುಕ ಕೇಳಿದ್ರ ಹೈಸ್ಕೂಲ್ ಹುಡುಗರು ತೆಳ್ಳನ್ನ ಹೆಣ್ಣು ಅಂತ ನಗತಾರ. ತನುಮಧ್ಯೆನೂ ಅಕಿನ. ಒಬ್ಬರು ಸಂಸ್ಕೃತದ ದಾರಿ ಹಿಡಿದ್ರಿ, ಒಬ್ಬರು ಅಚ್ಚಗನ್ನಡದ ದಾರಿ ಹಿಡಿದ್ರಿ, ಇಬ್ಬರೂ ಹೋಗಿ ನಿಂತದ್ದು ಒಂದ ಮನಿ ಮುಂದ.

ಥಿನ್ ಅಂದ್ರ ಡಬ್ಬಿ ತೆಳ್ಳಗ ಅದ ಅಂತ ಅಲ್ರಿ. ಕೆಲಸದ ಭಾರ ಯಾರ ಹೆಗಲ ಮ್ಯಾಲ ಅನ್ನೂದರಿಂದ ಬಂದ ಹೆಸರು. ಸರ್ವರ್ ಅನ್ನೂ ದೊಡ್ಡ ಕಂಪ್ಯೂಟರ್ ದುಡೀತದ. ಡಬ್ಬಿ ಅದು ಕಳಿಸಿದ ಚಿತ್ರ ತೋರಸತದ, ಕೀಲಿಮಣಿ ಒತ್ತಿದ್ದು, ಇಲಿ ಸರಿಸಿದ್ದು ಆ ಕಡೆ ಮುಟ್ಟಸತದ, ಅಷ್ಟ. ಎಲ್ಲಾ ತಾನ ಮಾಡೂ ಪಿಸಿಗೆ ಫ್ಯಾಟ್ ಕ್ಲೈಂಟ್ ಅಂತಾರ. ಕ್ಲೈಂಟ್ ಅಂದ್ರ ಸರ್ವರಿಗೆ ಇಂಥಾದ್ದು ಕೊಡು ಅಂತ ಕೇಳೂ ಯಂತ್ರ. ಧಾರವಾಡ ಹೈಕೋರ್ಟ್ ಪೀಠದಾಗ ತೆಳುವಾದ ಕಕ್ಷಿದಾರ ಅಂದ್ರ ಫೀ ಕೊಡದಾಂವ ಅಂತ ತಿಳೀತಾರ.

ವಿಚಾರ ಹೊಸದೂ ಅಲ್ಲ. 1978ರ ವಿಟಿ100 ಟರ್ಮಿನಲ್ಲೂ, ಅಂದ್ರ ಬರೇ ಪರದೆ, ಕೀಲಿಮಣಿ ಇದ್ದ ಯಂತ್ರನೂ, ಹಿಂಗ ದೊಡ್ಡ ಯಂತ್ರಕ್ಕ ಜೋತುಬಿದ್ದದ್ದ. 1990ರ ದಶಕದ ನಡುವ ಒರಾಕಲ್‌ನ ಲ್ಯಾರಿ ಎಲಿಸನ್ 500 ಡಾಲರಿನ ನೆಟ್‌ವರ್ಕ್ ಕಂಪ್ಯೂಟರ್ ಅಂತ ಡಂಗುರಾ ಹೊಡೆದ್ರು. ಲೈನ್ ನಿಧಾನ ಇದ್ದವು, ಅಷ್ಟರಾಗ ಪಿಸಿನೂ ಸೋವಿ ಆದವು, ಅದು ಓಡಲಿಲ್ಲ. 2012ರಾಗ 35 ಡಾಲರಿನ ರಾಸ್ಪ್‌ಬೆರಿ ಪೈ ಅನ್ನೂ ಪುಟ್ಟ ಕಂಪ್ಯೂಟರ್ ಬಂದ ಮ್ಯಾಲ ಅದನ್ನ ಥಿನ್ ಕ್ಲೈಂಟ್ ಮಾಡಿಕೊಂಡವರೂ ಅದಾರ.

ನಾ ಕೆಲಸ ಮಾಡೂ ಲ್ಯಾಬಿನಾಗ ಒಮ್ಮೆ ಡಬ್ಬಿಗಳನ್ನ ಸರ್ವರಿಗೆ ಜೋಡಸೂ ನೆಟ್‌ವರ್ಕ್ ಸ್ವಿಚ್ಚಿನ ವೈರು ಇಲಿ ಕಡೀತು, ಖರೇ ಇಲಿ. 30 ಸ್ಕ್ರೀನ್ ಒಮ್ಮೆಲೆ ಹೆಪ್ಪುಗಟ್ಟಿ ನಿಂತವು. ಅರ್ಧ ಬರೆದ ವಾಕ್ಯ ಹಂಗ ಅದಾವ, ಕರ್ಸರ್ ಮಿಣುಕವಲ್ಲದು. ಹುಡುಗರು ಡಬ್ಬಿ ಬಡಿದ್ರು. ಒಳಗ ಏನಿರತದ ಬಡಿದ್ರ ಬರಾಕ? ನನ್ನ ಕೇಳಿದ್ರ ಪಾಟಿಗಣಕ ಅನ್ರಿ. ಒರೆಸಿದ್ರ ಹೋತು, ಮುಂದಿನಾಂವ ಕುಂತು ಬರೀಬೇಕು.

ಧಾರವಾಡದಿಂದ:

ಪಾಟಿ ಮರಾಠಿ. ಸಾಲದ್ದಕ್ಕೆ ಉಪಮೆಯೂ ಕುಂಟು: ಪಾಟಿ ಒರೆಸುವ ತನಕ ತನ್ನ ಮೇಲೆ ಬರೆದದ್ದನ್ನು ತಾನೇ ಹಿಡಿದಿರುತ್ತದೆ, ನಿಮ್ಮ ಡಬ್ಬಿ ಅಷ್ಟನ್ನೂ ಮಾಡದು.

ಹಾವೇರಿಯವರಿಗೆ: ಕಣದಿಂದ ಕಣಜ ಎಂಬುದು ಕೇಳಲು ಚೆಂದ. ‘ಜ’ ಎಲ್ಲಿಂದ ಬಂತು? ‘ಹುಟ್ಟಿದ್ದು’ ಎಂಬರ್ಥದ ಜ ಸಂಸ್ಕೃತದ್ದು. ಕನ್ನಡದ ಕಣಕ್ಕೆ ಅದನ್ನು ಅಂಟಿಸಿದರೆ ನಿಮ್ಮ ಅಚ್ಚಗನ್ನಡ ಎಲ್ಲಿ ಉಳಿಯಿತು? ಆಧಾರ ಕೊಡಿ. ಇನ್ನು ನಮ್ಮ ಸೀಮೆಯಲ್ಲಿ ಮುಗಿಲು ಎಂದರೆ ಆಕಾಶ. ಹಳಗನ್ನಡದಲ್ಲಿ ಮೋಡವಾಗಿತ್ತು, ತಮಿಳಿನಲ್ಲಿ ಇಂದಿಗೂ ಮೋಡ. ಗದಗಿನ ಹುಡುಗ ಮುಗಿಲಕಣಜ ಓದಿ ತಲೆ ಎತ್ತಿ ಸೂರು ನೋಡುತ್ತಾನೆ.

ಹಳೆಯ ಪದದ ಅರ್ಥ ಹಿಗ್ಗುವುದಕ್ಕೆ ಒಂದು ಮರ್ಯಾದೆ ಇದೆ. ಕಡತವನ್ನು ನೋಡಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಅದು. ಕಚೇರಿಯ ಫೈಲಿಗೆ ಬಂತು, ಈಗ ಕಂಪ್ಯೂಟರಿನ ಫೈಲಿಗೂ ಬಂದು ಕೂತಿದೆ. ಯಾರೂ ತಕರಾರು ಮಾಡಲಿಲ್ಲ.

ಹಾವೇರಿಯಿಂದ:

ಸಂಸ್ಕ್ರುತದಲ್ಲಿ ಗಣಕ ಎಂದರೆ ಲೆಕ್ಕಿಗ, ಜೋಯಿಸ. ಅದನ್ನು ತಂದು ಪೆಟ್ಟಿಗೆಗೆ ಹಚ್ಚಿದಾಗ ಆದಾರ ಕೇಳಿದಿರಾ? ಮರಾಟಿಯ ಪಾಟಿ ಮೈಲಿಗೆ, ಸಂಸ್ಕ್ರುತದ ತನು ಮಡಿ. ನಿಮ್ಮೂರಿನ ಮಾತಿನಿಂದ ಬರೋಬ್ಬರಿ, ಜಲ್ದಿ, ಖರೇ ತೆಗೆದು ಒಂದು ದಿನ ಸಂತೆ ಮಾಡಿ ತೋರಿಸಿ.

ಹುಬ್ಬಳ್ಳಿಯಿಂದ:

ಕಂಪ್ಯೂಟರ್ ಅಂದ್ರನೂ ಇಂಗ್ಲಿಷಿನಾಗ ಮೊದಲ ಲೆಕ್ಕಾ ಮಾಡೂ ಮನುಷ್ಯಾನ. ಬಿಡ್ರಿ. ಗದಗದವರು ಎರಡು ಪದ ಕೇಳ್ಯಾರ.

ಬ್ಯಾಡಗಿಯಿಂದ:

ನಾ ಭಾಷಾಪಂಡಿತ ಅಲ್ರಿ, ಮೆಣಸಿನಕಾಯಿ ವ್ಯಾಪಾರಿ. ಸುಮ್ಮನ ಓದಾಕತ್ತಿದ್ದೆ, ಮೋಡ ಬಂತಂತ ಬಾಯಿ ಹಾಕೇನಿ. ಮೋಡದಾಗ ಏನ ಇಡೂದ್ರಿ? ನಮ್ಮ ಸೀಮಿಯಾಗ ಮೋಡ ಅಂದ್ರ ಬರತೇನಿ ಅಂತ ಹೇಳಿ ಹೊಳ್ಳಿ ಹೋಗೂ ಗಿರಾಕಿ.

ಇಲ್ಲಿ ಕೋಲ್ಡ್ ಸ್ಟೋರೇಜಿನಾಗ ಕಾಯಿ ಇಡತೇವಿ. ಚೀಲ ನಂದು, ಜಾಗಾ ಅವರದು. ಚೀಲಕ್ಕ ಇಷ್ಟು ಅಂತ ಬಾಡಿಗಿ. ಚೀಲದ ಮ್ಯಾಲ ಬಣ್ಣದಾಗ ನನ್ನ ಗುರ್ತು, ಕಿಸೆದಾಗ ಪಾವತಿ. ಪಾವತಿ ಕಳಕೊಂಡ್ರ ಒದ್ದಾಟ, ಆದ್ರ ನನ್ನ ಮಾರಿ ಗುರ್ತಿರೂ ಹಮಾಲ ಒಬ್ಬಾಂವರೆ ಸಿಗತಾನ. ಮಗನ ಮದಿವಿ ಫೋಟೋ ಎಲ್ಲಾ ಕ್ಲೌಡಿನಾಗ ಇಟ್ಟಿದ್ದೆ. ಪಾಸ್‌ವರ್ಡ್ ಮರತೆ. ಹಳೆ ಸಿಮ್ ಬಂದ್ ಆಗಿತ್ತು, ಒಟಿಪಿ ಹೋಗೂದು ಆ ನಂಬರಿಗೇ. ಗುರ್ತು ಹಿಡೀರಪಾ ಅನ್ನಾಕ ಅಲ್ಲಿ ಮನುಷ್ಯಾರ ಇಲ್ಲ.

ಹಗೇವು ಅನ್ರಿ ಅಂತ ಹೇಳೂಣು ಅಂದ್ರ, ಹಗೇವು ನಮ್ಮ ಮನಿ ಮುಂದ ನಮ್ಮ ನೆಲದಾಗ ಇರತಿತ್ತು. ನಮ್ಮಜ್ಜ ಕಲ್ಲು ಸರಿಸಿ, ಗಾಳಿಯಾಡಾಕ ಬಿಟ್ಟು, ಕಂದೀಲು ಇಳಿಬಿಡತಿದ್ದ. ದೀಪ ಆರಲಿಲ್ಲ ಅಂದ್ರ ಆಳು ಇಳಿಯೂದು. ಜೋಳ ಎಷ್ಟದ, ಹುಳಾ ಬಿದ್ದದೇನು, ಕಣ್ಣಿಗೆ ಕಾಣತಿತ್ತು. ಕ್ಲೌಡು ಹಂಗಲ್ಲ, ಮಂದಿ ಗೋದಾಮು. ಗೋದಾಮು ಅಂತನ ಬರೀರಿ, ಹುಡುಗರಿಗೆ ಬಾಡಿಗಿ ಜಾಗಾ ಅಂತರೆ ತಿಳೀಲಿ.

ಹಾವೇರಿಯಿಂದ:

ಗೋದಾಮು ಇಂಗ್ಲಿಶ್. ಒಪ್ಪುವುದಿಲ್ಲ.

ಧಾರವಾಡದಿಂದ:

ಅಲ್ಲ! ಇಂಗ್ಲಿಷಿನವರ ಗೋಡೌನೇ ಎರವಲು. ಅವರು ಎತ್ತಿಕೊಂಡದ್ದು ಮಲಯದ ಗುಡಾಂಗನ್ನು. ಅದರ ಬೇರು ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿಯ ಕಡೆಗಿದೆ ಎಂದು ಪಂಡಿತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಗಡಂಗೂ ಅದೇ ಕುಲದ್ದು. ಮನೆಯ ಮಗಳು ಕಡಲು ದಾಟಿ ಹೋಗಿ ಬೇರೆ ಸೀರೆ ಉಟ್ಟು ಬಂದರೆ ಅಂಗಳದಲ್ಲೇ ನಿಲ್ಲಿಸುವಿರಾ? ಮೇಘಸಂಗ್ರಹವನ್ನು ನಾನು ಹಿಂತೆಗೆದುಕೊಂಡಿಲ್ಲ. ಆದರೆ ಮೇಘಗಡಂಗು ಎಂದರೂ ನನಗೆ ಅಡ್ಡಿಯಿಲ್ಲ.

ಹುಬ್ಬಳ್ಳಿಯಿಂದ:

ಗಡಂಗು ಅಂದ್ರ ಸಾರಾಯಿ ಅಂಗಡಿ, ಸರ. ಹೈಸ್ಕೂಲಿನ ಬೋರ್ಡದು.

ಗದಗದಿಂದ:

ಎಲ್ಲರಿಗೂ ಉಪಕಾರ ಆತು. ಬೋರ್ಡು ಸಂಜಿಗೆ ಹೋತು. ಅದರ ಮ್ಯಾಲ ‘ಗಣಕ ಕೊಠಡಿ’ ಅಷ್ಟ ಬರದೆ, ಹಾವೇರಿ ಅಣ್ಣಾರು ಸಿಟ್ಟಾಗಬ್ಯಾಡ್ರಿ. ಹಾಳಿಯೊಳಗ ಹಿಂಗದ: ‘ಈ ಡಬ್ಬಿಯೊಳಗೆ ಏನೂ ಉಳಿಯುವುದಿಲ್ಲ. ಏಳುವ ಮುಂಚೆ ನಿಮ್ಮ ಕೆಲಸವನ್ನು ದೂರದ ಗೋದಾಮಿಗೆ ಹಾಕಿರಿ. ಗುಪ್ತಪದವೇ ನಿಮ್ಮ ಪಾವತಿ, ಕಳೆದುಕೊಳ್ಳಬೇಡಿ.’ ಪಾಸ್‌ವರ್ಡ್ ಅಂತ ಹಾಕಿದ್ದೆ, ಹೆಡ್‌ಮಾಸ್ತರು ಹೊಡೆದುಹಾಕಿದ್ರು. ಥಿನ್ ಕ್ಲೈಂಟಿಗೆ ಏನಂತೀರಿ ಅಂತ ಅಲ್ಲಿದ್ದ ಹುಡುಗರನ್ನ ಕೇಳಿದೆ. ಡಬ್ಬಿ ಅಂದ್ರು. ಅದನ್ನ ಉಳಿಸೇನಿ.

ಧಾರವಾಡದಿಂದ:

‘ಗುಪ್ತಪದ’ ಅಲ್ಲ, ‘ಸಂಕೇತಪದ’ ಆಗಬೇಕಿತ್ತು. ಗಡಂಗಿನ ಬಗ್ಗೆ ಬೇರೆಯೇ ಪತ್ರ ಬರೆಯುತ್ತೇನೆ.