ಕಂಠೀರವ ಕ್ರೀಡಾಂಗಣಕ್ಕೆ ಚೆಂಡೆ ತರಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಕಾಸರಗೋಡಿನ ಕುಂಬಳೆ ಕಡೆಯವರು, ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಅಭಿಮಾನಿಗಳು. ಊರಲ್ಲಿ ಹೆಚ್ಚಿನವರು ಕೇರಳ ಬ್ಲಾಸ್ಟರ್ಸ್ ತಂಡದ ಕಡೆಯವರು, ಆದರೂ ನಮ್ಮದು ನೀಲಿಯೇ. ಬ್ಲಾಸ್ಟರ್ಸ್ ವಿರುದ್ಧದ ಪಂದ್ಯಕ್ಕೆ ಎರಡು ಚೆಂಡೆ, ಕನ್ನಡದಲ್ಲಿ ಬರೆದ ದೊಡ್ಡ ಬಟ್ಟೆ ಬ್ಯಾನರ್ ತರಬೇಕೆಂದಿದ್ದೇವೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಉಂಟಲ್ಲ, ಬರೀ ಬಾಯಲ್ಲಿ ಕೂಗಿದರೆ ಆಟಗಾರರಿಗೆ ಮುಟ್ಟುವುದು ಕಷ್ಟ. ಚೆಂಡೆಯ ಪೆಟ್ಟು ಮುಟ್ಟಿಯೇ ಮುಟ್ಟುತ್ತದೆ.

ಪಟಾಕಿ, ಹೊಗೆಬತ್ತಿ ಯಾವುದೂ ಇಲ್ಲ. ಫಿಫಾ ನಿಯಮದಲ್ಲೇ ಅದಕ್ಕೆ ನಿಷೇಧ ಉಂಟು, ನಮಗೂ ಬೇಡ. ವಾದ್ಯಕ್ಕೆ ಕ್ಲಬ್ಬಿಗೆ ಮೊದಲೇ ಬರೆದು ಕೇಳಬೇಕಾ? ಚೆಂಡೆಕೋಲು, ಬ್ಯಾನರಿನ ಪಿವಿಸಿ ಪೈಪು ಗೇಟಿನಲ್ಲಿ ತಡೆಯುತ್ತಾರಾ? ನಮ್ಮ ಅಭಿಮಾನಿಗಳ ಗ್ಯಾಲರಿ ವೆಸ್ಟ್ ಬ್ಲಾಕ್‌ನಲ್ಲಿ ನಿಲ್ಲುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಚೆಂಡೆ ಬಾರಿಸುವ ಹುಡುಗ ಯಕ್ಷಗಾನ ಮೇಳದವ, ರಜೆ ಕೇಳಬೇಕು. ಬೇಗ ಗೊತ್ತಾದರೆ ದೊಡ್ಡ ಉಪಕಾರ.