ಅಪ್‌ಡೇಟ್: ಸೋಪಿನ ಲೇಬಲ್ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆ ಅಲ್ವಾ, ಮೂರು ಸಲ ಲೇಬಲ್ ಮಾಡಿಸಿದರೂ ನನ್ನ ಸೋಪು ಯಾರ ಕಣ್ಣಿಗೂ ಬೀಳುತ್ತಿಲ್ಲ, ಡಿಸೈನರನ್ನೇ ಬದಲಿಸಲಾ ಅಂತ. ಬದಲಿಸಲಿಲ್ಲ. "ಯಾರು ಕೊಳ್ಳುತ್ತಾರೆ, ಎಲ್ಲಿ ನೋಡುತ್ತಾರೆ, ಒಂದು ಪುಟ ಬರೆದುಕೊಡಿ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಅಲ್ಲಿಯವರೆಗೆ ನಾನು ಹೇಳಿದ್ದು ಸುಮ್ನೆ "ಇನ್ನೂ ಚೆನ್ನಾಗಿ ಮಾಡಿ" ಅಂತ ಅಷ್ಟೇ! ಡಿಸೈನರ್ ನಾನು ಬರೆದುಕೊಟ್ಟ ಪುಟ ಓದಿ ಹೂಬಳ್ಳಿ ತೆಗೆದು, ಪರಿಮಳದ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದರು. ಫೋನಿನಲ್ಲಿ ಉಗುರಿನಷ್ಟು ಕಾಣುವ ಚಿತ್ರದಲ್ಲೂ ಈಗ ಓದಬಹುದು.

ಲೋಗೋ ದೊಡ್ಡದು ಮಾಡುವ ಸಲಹೆ ಕೈಕೊಟ್ಟಿತು, ಉಳಿದದ್ದೆಲ್ಲ ಇಕ್ಕಟ್ಟಾಯಿತು.

ಹೊಸದಾಗಿ ಗೊತ್ತಾಗಿದ್ದು ಬಣ್ಣದ ವಿಷಯ. ಪರದೆಯಲ್ಲಿ ಹೊಳೆಯುತ್ತಿದ್ದ ಹಸಿರು ಪ್ರಿಂಟಿನಲ್ಲಿ ಮಂಕಾಯಿತು. ಪರದೆಗೆ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕು; ಪ್ರಿಂಟಿಗೆ ಸಿಎಂವೈಕೆ, ಅಂದರೆ ಸಯಾನ್ (ತಿಳಿ ಹಸಿರು-ನೀಲಿ), ಮೆಜೆಂಟಾ (ಗುಲಾಬಿ-ನೇರಳೆ), ಹಳದಿ, ಕಪ್ಪು ಶಾಯಿ. ಅಲ್ಲಿ ಕಾಣುವ ಎಲ್ಲ ಬಣ್ಣವೂ ಇಲ್ಲಿ ಬರುವುದಿಲ್ಲ. ಈಗ ಮೊದಲು ಒಂದೇ ಒಂದು ಸ್ಯಾಂಪಲ್ ತೆಗೆಸುತ್ತೇನೆ. ಹಳೇ ಲೇಬಲ್ ಕಟ್ಟು ಮಾತ್ರ ಇನ್ನೂ ಮೂಲೆಯಲ್ಲಿದೆ.