ಸಹಾಯ ಬೇಕು: ಬಾಡಿಗೆ ಕರಾರಿನಲ್ಲಿರುವ ಖರೀದಿ ಷರತ್ತನ್ನು ಮಾಲೀಕರು ಒಪ್ಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು 3 ವರ್ಷಗಳಿಂದ ವಾಸವಿರುವ ಮನೆಯ ಬಾಡಿಗೆ ಕರಾರಿನಲ್ಲಿ, ಅವಧಿ ಮುಗಿಯುವ ಮೊದಲು ಲಿಖಿತವಾಗಿ ತಿಳಿಸಿದರೆ ನಿಗದಿತ ಬೆಲೆಗೆ ಮನೆಯನ್ನು ನಮಗೇ ಮಾರಬೇಕೆಂಬ ಷರತ್ತಿದೆ. ಪ್ರತಿ ತಿಂಗಳು ಕಟ್ಟುವ ಹಣದ ಒಂದು ಪಾಲನ್ನು ಆ ಬೆಲೆಯಲ್ಲಿ ಮುರಿದುಕೊಳ್ಳಬೇಕೆಂದೂ ಬರೆದಿದೆ. ಅವಧಿ ಮುಗಿಯಲು 2 ತಿಂಗಳಿರುವಾಗಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಒಪ್ಪಿಗೆ ಕಳುಹಿಸಿದ್ದು, ಅದರ ಸ್ವೀಕೃತಿ ನಮ್ಮಲ್ಲಿದೆ. ಈಗ ಮಾಲೀಕರು, ಕಟ್ಟಿದ್ದೆಲ್ಲ ಬರೀ ಬಾಡಿಗೆ ಎಂದು ವಾದಿಸಿ ಮನೆ ಖಾಲಿ ಮಾಡುವಂತೆ ನೋಟಿಸ್ ಕೊಟ್ಟಿದ್ದಾರೆ, ಬೇರೆ ಖರೀದಿದಾರರನ್ನೂ ಕರೆತಂದು ತೋರಿಸುತ್ತಿದ್ದಾರೆ.

ನನ್ನನ್ನು ಕಾಡುತ್ತಿರುವುದು ಕರಾರಿನ ಎರಡನೆಯ ಪುಟ. ಅಲ್ಲಿ ಬೆಲೆಯ ಅಂಕಿಯನ್ನು ಹೊಡೆದು ನೀಲಿ ಶಾಯಿಯಲ್ಲಿ ತಿದ್ದಲಾಗಿದ್ದು, ಪಕ್ಕದಲ್ಲಿ ನನ್ನ ಸಹಿ ಮಾತ್ರ ಇದೆ, ಅವರದಿಲ್ಲ. ರಸೀದಿಗಳಲ್ಲೂ ‘ಬಾಡಿಗೆ ಬಾಬ್ತು’ ಎಂದಷ್ಟೇ ಇದೆ. ಅಂದೇ ಗಮನಿಸದೆ ಹೋದದ್ದು ನನ್ನದೇ ತಪ್ಪು, ಒಪ್ಪುತ್ತೇನೆ.

ಕರಾರನ್ನು ನೋಂದಣಿ ಮಾಡಿಸಿಲ್ಲ. ಹೀಗಿರುವಾಗ ಕ್ರಯಪತ್ರ ಮಾಡಿಕೊಡುವಂತೆ ನಿರ್ದಿಷ್ಟ ಪರಿಪಾಲನೆಯ ದಾವೆ (ಕರಾರಿನಲ್ಲಿ ಒಪ್ಪಿದಂತೆಯೇ ನಡೆದುಕೊಳ್ಳಲು ಆದೇಶಿಸುವಂತೆ ನ್ಯಾಯಾಲಯವನ್ನು ಕೋರುವ ದಾವೆ) ಹೂಡಬಹುದೇ? ತೀರ್ಪು ಬರುವವರೆಗೆ ಮನೆಯನ್ನು ಪರಭಾರೆ ಮಾಡದಂತೆ ತಡೆಯಾಜ್ಞೆ ಸಿಗುವುದೇ? ಬಾಡಿಗೆ ನಿಲ್ಲಿಸಿದರೆ ನಾವೇ ಸುಸ್ತಿದಾರರಾಗುತ್ತೇವೆಂದು ಅದನ್ನು ಬ್ಯಾಂಕ್ ಮೂಲಕವೇ ಕಟ್ಟುತ್ತಿದ್ದೇನೆ. ಇಂತಹ ದಾವೆ ನಡೆಸಿದ ಅನುಭವವಿರುವವರು, ನೋಟಿಸಿಗೆ ಉತ್ತರಿಸುವ ಮೊದಲು ವಕೀಲರ ಮುಂದೆ ಯಾವ ದಾಖಲೆಗಳನ್ನು ಇಡಬೇಕೆಂದು ದಯವಿಟ್ಟು ತಿಳಿಸಿ.